ದಿಂಬಂ ಮಂಜಿಗೆ ಹಳೇ ಆಲ್ಟೊ ರೆಡಿ ಮಾಡಿದ್ದು

ಕಾರು 2013ರ ಆಲ್ಟೊ 800. ಪೆಟ್ರೋಲ್. ಎಸಿ ಇದೆ, ಹೀಟರ್ ಇದೆ. ಫಾಗ್ ಲ್ಯಾಂಪ್ ಇಲ್ಲ, ಹಿಂದಿನ ಗಾಜಿಗೆ ಡಿಫಾಗರ್ (ಗಾಜು ಬಿಸಿ ಮಾಡಿ ಹಬೆ ತೆಗೆಯುವ ತಂತಿ) ಇಲ್ಲ. ಹೋದ ಬೇಸಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಓಡುವುದು ಹೆಚ್ಚಾಗಿ ತಮಿಳುನಾಡಿನ ಗಡಿಯ ತಾಳವಾಡಿಯಿಂದ ಹಾಸನೂರು, ದಿಂಬಂ ಘಾಟ್, ಬಣ್ಣಾರಿ ಇಳಿದು ಸತ್ಯಮಂಗಲಕ್ಕೆ. ಇಲ್ಲಾಂದ್ರೆ ಈ ಕಡೆ ಚಾಮರಾಜನಗರಕ್ಕೆ. ಅಪರೂಪಕ್ಕೆ ಊಟಿಯಲ್ಲಿರುವ ಅಕ್ಕನ ಮನೆಗೆ.

ದೀಪಾವಳಿ ಕಳೆದ ಮೇಲೆ ಬರುವ ಗುಮಟಾಪುರದ ಗೊರೆಹಬ್ಬದಲ್ಲಿ ಸಗಣಿ ಎರಚಾಟ ಮುಗಿಯಿತೆಂದರೆ ನಮ್ಮ ಕಡೆ ಬೆಳಗಿನ ಮಂಜು ಶುರು ಅಂತಲೇ ಲೆಕ್ಕ. ಮಾರ್ಗಳಿ (ಡಿಸೆಂಬರ್-ಜನವರಿ) ಹೊತ್ತಿಗೆ ದಿಂಬಂ ತಿರುವುಗಳಲ್ಲಿ ಎದುರಿನ ಲಾರಿ ಕಾಣುವ ಮೊದಲೇ ಅದರ ಹಾರ್ನ್ ಕೇಳುತ್ತದೆ. 2022ರಲ್ಲಿ ಮದ್ರಾಸ್ ಹೈಕೋರ್ಟ್ ಆದೇಶದಿಂದ ಘಾಟ್‌ನಲ್ಲಿ ರಾತ್ರಿ ಓಡಾಟಕ್ಕೆ ಕಡಿವಾಣ ಬಿತ್ತು. ಕಾಡುಪ್ರಾಣಿಗಳಿಗೆ ಒಳ್ಳೆಯದೇ ಆಯಿತು, ಆ ಮಾತು ಬೇರೆ. ಆದರೆ ರಾತ್ರಿ ನಿಂತ ಗಾಡಿಗಳೆಲ್ಲ ಬೆಳಗ್ಗೆ ಒಟ್ಟಿಗೆ ಹೊರಡುತ್ತವೆ. ಮಂಜು ದಟ್ಟವಾಗಿರುವುದೂ ಆ ಹೊತ್ತಿಗೇ.

ಚಳಿಗಾಲಕ್ಕೆ ಕಾರು ರೆಡಿ ಮಾಡುತ್ತಿದ್ದೇನೆ ಅಂದಾಗ ಕೆನಡಾದಲ್ಲಿರುವ ಅಕ್ಕನ ಮಗ ಫೋನಿನಲ್ಲೇ ನಕ್ಕುಬಿಟ್ಟ. "ಮಾವ, ತಾಳವಾಡಿಯಲ್ಲಿ ಏನು ಹಿಮ ಬೀಳುತ್ತಾ?" ಅಂದ. ಅವನ ಊರಲ್ಲಿ ಚಳಿ ಬಂದರೆ ನಾಲ್ಕೂ ಟೈರ್ ಬಿಚ್ಚಿ ಬೇರೆ ಟೈರ್ ಹಾಕಬೇಕು. 7 ಡಿಗ್ರಿಗಿಂತ ಕೆಳಗೆ ಮಾಮೂಲಿ ಟೈರಿನ ರಬ್ಬರ್ ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ವಿಂಟರ್ ಟೈರಿನ ರಬ್ಬರ್ ಆ ಚಳಿಯಲ್ಲೂ ಮೆತ್ತಗಿರುತ್ತದೆ. ಲಡಾಖ್ ಕಡೆ ಮೈನಸ್ 33 ಡಿಗ್ರಿಯಲ್ಲೂ ಗಟ್ಟಿಯಾಗದ ಡೀಸೆಲ್ಲನ್ನೇ ಇಂಡಿಯನ್ ಆಯಿಲ್‌ನವರು 2019ರಲ್ಲಿ ತಂದರು. ನಮಗೆ ಇದು ಯಾವುದೂ ಬೇಡ. ನಮ್ಮ ಚಳಿಗಾಲದಲ್ಲಿ ಗಾಡಿ ಜಾರುವುದಿಲ್ಲ, ಕಣ್ಣು ಕಾಣಿಸುವುದಿಲ್ಲ. ಹಾಗಾಗಿ ದುಡ್ಡು ಮೊದಲು ಗಾಜಿಗೆ, ಆಮೇಲೆ ದೀಪಕ್ಕೆ, ಆಮೇಲೆ ಬ್ರೇಕಿಗೆ. ಇಂಜಿನ್ ಕೊನೆಗೆ. ಇದು ನನ್ನ ಲೆಕ್ಕ. ನಮ್ಮ ಮೆಕ್ಯಾನಿಕ್ ಒಪ್ಪುವುದಿಲ್ಲ. ಅವರಿಗೆ ಯಾವಾಗಲೂ ಇಂಜಿನ್ನೇ ಮೊದಲು.

ಗಾಜು

ಮುಂದಿನ ಗಾಜಿನ ಒಳಮೈಯನ್ನು ಯಾರೂ ತೊಳೆಯುವುದಿಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ಕಿನಿಂದ ಆವಿ ಎದ್ದು ಗಾಜಿಗೆ ಅಂಟುತ್ತದೆ. ಅದರ ಮೇಲೆ ಊದುಬತ್ತಿ ಹೊಗೆ ಬೇರೆ. ಹಗಲಲ್ಲಿ ಇದು ಕಾಣುವುದಿಲ್ಲ. ಎದುರಿನ ಲಾರಿ ದೀಪ ಬಿದ್ದಾಗ ಇಡೀ ಗಾಜು ಬೆಳ್ಳಗಾಗುತ್ತದಲ್ಲ, ಅದಕ್ಕೆ ಕಾರಣ ಈ ಜಿಡ್ಡೇ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ತೊಟ್ಟು ಹಾಕಿ ಬನಿಯನ್ ವೇಸ್ಟ್‌ನಿಂದ ಉಜ್ಜಿದೆ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು. ಬರೀ ನೀರಿನ ಬಟ್ಟೆಯಲ್ಲಿ ಮತ್ತೆ ಒರೆಸಿ, ಕೊನೆಗೆ ಹಳೇ ಪೇಪರ್ ಮುದ್ದೆ ಮಾಡಿ ಉಜ್ಜಿದೆ. ಗಾಜಿನ ಕೆಳತುದಿ ಡ್ಯಾಶ್‌ಬೋರ್ಡಿಗೆ ಸೇರುವ ಮೂಲೆಗೆ ಕೈ ಹೋಗುವುದಿಲ್ಲ. ಮರದ ಸ್ಕೇಲಿಗೆ ಬಟ್ಟೆ ಸುತ್ತಿ ಅಲ್ಲಿಗೆ ತುರುಕಿದೆ.

ಹೊರಗೆ ವೈಪರ್ ಬ್ಲೇಡ್ ಬದಲಾಯಿಸಿದೆ. ಹಳೆಯದರ ರಬ್ಬರ್ ಅಂಚನ್ನು ಉಗುರಿನಿಂದ ಎಳೆದರೆ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿದ್ದು ಕಾಣುತ್ತಿತ್ತು. ವಾಷರ್ ಡಬ್ಬಿಗೆ ಬೋರ್ ನೀರು ಬೇಡ. ಸುಣ್ಣದಂಶ ಜಾಸ್ತಿ ಇರುವ ನೀರು ಜೆಟ್ಟಿನ ತೂತನ್ನೇ ಕಟ್ಟಿಸಿಬಿಡುತ್ತದೆ. ನನ್ನದರಲ್ಲಿ ಒಂದು ಜೆಟ್ ಪೂರಾ ಮುಚ್ಚಿತ್ತು. ಹೊಲಿಗೆ ಸೂಜಿ ತೂರಿಸಿ ಬಿಡಿಸಬೇಕಾಯಿತು.

ಗಾಜಿನ ಒಳಗೆ ಕಟ್ಟುವ ಹಬೆ ಇನ್ನೊಂದು ಕಥೆ. ಕಾರಿನೊಳಗಿನ ಬೆಚ್ಚಗಿನ ತೇವದ ಗಾಳಿ ತಣ್ಣಗಿನ ಗಾಜಿಗೆ ತಾಗಿದರೆ ಹಬೆ ಕಟ್ಟುತ್ತದೆ. ನಮ್ಮ ಕಾರಿನಲ್ಲಿ ತೇವಕ್ಕೆ ಬರವಿಲ್ಲ. ಹಿಂದಿನ ಸೀಟ್ ಮಡಚಿ ಕೋಸು, ಬೀನ್ಸ್ ಮೂಟೆ ಹಾಕಿಕೊಂಡು ಹೋಗುತ್ತೇವೆ. ಕಿತ್ತ ಮೇಲೂ ತರಕಾರಿ ಉಸಿರಾಡುತ್ತದೆ, ನೀರು ಬಿಡುತ್ತದೆ. ಜೊತೆಗೆ ಹೊಲದಲ್ಲಿ ಇಬ್ಬನಿಗೆ ನೆಂದ ಕಾಲು. ಮ್ಯಾಟ್ ಎತ್ತಿ ನೋಡಿದರೆ ಕೆಳಗಿನ ಕಾರ್ಪೆಟ್ ಒದ್ದೆ, ಮುಗ್ಗಲು ವಾಸನೆ. ಕಾರ್ಪೆಟ್ ಎಬ್ಬಿಸಿ ಬಿಸಿಲಿಗೆ ಹಾಕಿ, ಎಸಿಯ ನೀರು ಹೊರಗೆ ಹೋಗುವ ಪೈಪನ್ನು ಊದಿ ತೆಗೆದೆ. ಮಣ್ಣು ಕಟ್ಟಿ ನೀರು ಒಳಕ್ಕೇ ಸೋರುತ್ತಿತ್ತು.

ಹಬೆ ಹೋಗಬೇಕಾದರೆ ಎಸಿ ಹಾಕಬೇಕು. ಚಳಿಯಲ್ಲಿ ಎಸಿ ಯಾಕೆ ಅಂತ ಮನೆಯಲ್ಲಿ ಕೇಳುತ್ತಾರೆ. ಎಸಿ ಗಾಳಿಯನ್ನು ತಂಪು ಮಾಡುವಾಗ ಅದರಲ್ಲಿರುವ ತೇವವನ್ನೂ ಹಿಂಡಿ ತೆಗೆಯುತ್ತದೆ. ಆ ಒಣ ಗಾಳಿಯನ್ನು ಹೀಟರ್ ಬಿಸಿ ಮಾಡಿ ಗಾಜಿಗೆ ಊದಿದರೆ ಹಬೆ ಬೇಗ ಹೋಗುತ್ತದೆ. ಹೊರಗಿನ ಗಾಳಿ ಒಳಗೆ ಬರುವ ಕಡೆಗೆ ಲಿವರ್ ಇರಬೇಕು. ಒಳಗಿನ ಗಾಳಿಯೇ ಸುತ್ತುವ ಹಾಗಿಟ್ಟರೆ ನಾವು ಬಿಟ್ಟ ಉಸಿರೇ ಮತ್ತೆ ಗಾಜಿಗೆ ಬರುತ್ತದೆ.

ಇಷ್ಟೆಲ್ಲ ಸರಿ, ಆದರೆ ನನ್ನ ಹೀಟರ್ ಬಿಸಿಯೇ ಆಗುತ್ತಿರಲಿಲ್ಲ.

ಇಲ್ಲದ ಥರ್ಮೋಸ್ಟಾಟ್

ಹಾಸನೂರು ದಾಟಿದರೂ ಹೀಟರಿನಿಂದ ಬರುವುದು ಉಗುರುಬೆಚ್ಚಗಿನ ಗಾಳಿ. ಹೀಟರ್ ಕೋರ್ (ಇಂಜಿನ್ನಿನ ಬಿಸಿನೀರು ಹರಿಯುವ ಪುಟ್ಟ ರೇಡಿಯೇಟರ್) ಕಟ್ಟಿದೆ, ಬಿಚ್ಚಬೇಕು, ಡ್ಯಾಶ್‌ಬೋರ್ಡ್ ಪೂರಾ ಇಳಿಸಬೇಕು ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ನನಗೆ ಅನುಮಾನ. ಇಂಜಿನ್ ಬೇಗ ಬಿಸಿಯಾಗುತ್ತಲೂ ಇರಲಿಲ್ಲ. ರೇಡಿಯೇಟರ್ ಮೇಲಿನ ಹೋಸ್ ಮುಟ್ಟಿ ನೋಡಿದೆ. ಥರ್ಮೋಸ್ಟಾಟ್ ಅಂದರೆ ಇಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಕವಾಟ. ಅದು ಸರಿ ಇದ್ದರೆ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಆ ಹೋಸ್ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಇಲ್ಲಿ ಸ್ಟಾರ್ಟ್ ಆದ ಕೂಡಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋಯಿತು. ಅಂದರೆ ನೀರಿಗೆ ತಡೆಯೇ ಇಲ್ಲ.

ಇಂಜಿನ್ ತಣ್ಣಗಾದ ಮೇಲೆ ರೇಡಿಯೇಟರ್ ಕೆಳಗಿನ ಪ್ಲಗ್ ಬಿಚ್ಚಿ ನೀರು ಇಳಿಸಿದೆ. ಬಂದದ್ದು ಕೂಲಂಟ್ ಅಲ್ಲ, ತುಕ್ಕಿನ ಬಣ್ಣದ ಬೋರ್ ನೀರು. ಥರ್ಮೋಸ್ಟಾಟ್ ಮುಚ್ಚಳದ ಬೋಲ್ಟ್ ತೆಗೆದು ನೋಡಿದರೆ ಒಳಗೆ ಖಾಲಿ! ಯಾರೋ ಯಾವಾಗಲೋ ಕಿತ್ತು ಬಿಸಾಕಿದ್ದಾರೆ. ಇದು ನಮ್ಮ ಕಡೆ ಹಳೇ ಚಾಳಿ. ಗಾಡಿ ಬಿಸಿಯಾಗುತ್ತೆ ಅಂದರೆ ಮೊದಲು ಥರ್ಮೋಸ್ಟಾಟ್ ಕಿತ್ತುಬಿಡುವುದು. ಬೇಸಿಗೆಗೆ ಗೊತ್ತಾಗುವುದಿಲ್ಲ. ಚಳಿಗೆ ಇಂಜಿನ್ ಬಿಸಿ ಏರಲು ತಡ, ಅಲ್ಲಿಯ ತನಕ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಹೀಟರ್ ತಣ್ಣಗೆ, ಗಾಜಿನ ತುಂಬ ಹಬೆ.

ಹೊಸದು ತಂದೆ. ಹಾಕುವ ಮೊದಲು ಪರೀಕ್ಷೆ ಮಾಡಬೇಕಲ್ಲ. ಅಡುಗೆಮನೆಗೆ ಹೋದೆ.

"ರೀ, ಹಾಲಿನ ಪಾತ್ರೆ ಮುಟ್ಟಬೇಡಿ. ಹಸುವಿಗೆ ನೀರು ಕಾಯಿಸೋ ಡಬರಿ ಹಿತ್ತಲಲ್ಲಿದೆ, ಅದನ್ನ ತಗೊಳ್ಳಿ."

ಡಬರಿಯಲ್ಲಿ ನೀರಿಟ್ಟು ಥರ್ಮೋಸ್ಟಾಟನ್ನು ತಂತಿಗೆ ಕಟ್ಟಿ ಇಳಿಬಿಟ್ಟೆ. ತಳಕ್ಕೆ ತಾಗಬಾರದು, ತಾಗಿದರೆ ಪಾತ್ರೆಯ ಬಿಸಿಗೇ ತೆರೆದುಕೊಳ್ಳುತ್ತದೆ. ಮೇಲೆ 82 ಅಂತ ಒತ್ತಿತ್ತು, ಅಂದರೆ 82 ಡಿಗ್ರಿಗೆ ತೆರೆಯಲು ಶುರುವಾಗಬೇಕು. ನೀರಿನ ತಳದಲ್ಲಿ ಸಣ್ಣ ಗುಳ್ಳೆ ಏಳುವ ತನಕ ಏನೂ ಇಲ್ಲ. ಆಮೇಲೆ ನಡುವಿನ ತಟ್ಟೆ ಕೂದಲೆಳೆಯಷ್ಟು ಎದ್ದಿತು. ಕುದಿ ಬರುವ ಹೊತ್ತಿಗೆ ಪೂರ್ತಿ ತೆರೆಯಿತು. ಒಳಗಿರುವ ಮೇಣ ಬಿಸಿಗೆ ಹಿಗ್ಗಿ ತಟ್ಟೆಯನ್ನು ತಳ್ಳುವುದು, ಅಷ್ಟೇ ಅದರ ಗುಟ್ಟು. ಆಚೆ ತೆಗೆದಿಟ್ಟರೆ ತಣ್ಣಗಾಗುತ್ತಾ ಮುಚ್ಚಿಕೊಂಡಿತು. ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆ.

ನೀರು ತಿಳಿಯಾಗಿ ಬರುವ ತನಕ ರೇಡಿಯೇಟರ್ ತೊಳೆದು, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ತುಂಬಿದೆ. ಈ ಹದ ಸುಮಾರು ಮೈನಸ್ 37 ಡಿಗ್ರಿ ತನಕ ಹೆಪ್ಪುಗಟ್ಟುವುದಿಲ್ಲ. ನಮಗೆ ಆ ಗುಣದಿಂದ ಪ್ರಯೋಜನವಿಲ್ಲ. ನಮಗೆ ಬೇಕಾದದ್ದು ತುಕ್ಕು ಹಿಡಿಸದ ಗುಣ, ಮತ್ತೆ ಏರಿನಲ್ಲಿ ಬೇಗ ಕುದಿಯದ ಗುಣ. ಕ್ಯಾಪ್ ತೆಗೆದಿಟ್ಟು, ಹೀಟರ್ ಫುಲ್ ಬಿಸಿಗಿಟ್ಟು ಇಂಜಿನ್ ಓಡಿಸಿ ಒಳಗಿನ ಗಾಳಿ ಹೊರಹಾಕಿದೆ. ಗಾಳಿ ಉಳಿದರೆ ಹೀಟರ್ ಮತ್ತೆ ತಣ್ಣಗೆ. ರೆಡಿಮೇಡ್ ಬೆರೆಸಿದ ಕೂಲಂಟೂ ಸಿಗುತ್ತದೆ. ಅದಕ್ಕೆ ನೀರು ಸೇರಿಸಬಾರದು, ಡಬ್ಬಿ ಓದಿ ಹಾಕಿ. ಚೆಲ್ಲಿದ ಕೂಲಂಟನ್ನು ಹಾಗೇ ಬಿಡಬೇಡಿ. ಸಿಹಿಯಾಗಿರುತ್ತದೆ, ನಾಯಿ ನೆಕ್ಕಿದರೆ ಸಾಯುತ್ತದೆ.

ಡ್ಯಾಶ್‌ಬೋರ್ಡ್ ಇಳಿಸುವ ಗೋಜಿಲ್ಲದೆ ಹೀಟರ್ ಈಗ ಕೈ ಇಟ್ಟರೆ ಸುಡುವ ಹಾಗಿದೆ.

ದೀಪ

ಹೆಡ್‌ಲೈಟ್ ಮುಖ ಹಳದಿ ಕಟ್ಟಿ ಮಬ್ಬಾಗಿತ್ತು. ಇದು ಗಾಜಲ್ಲ, ಪಾಲಿಕಾರ್ಬನೇಟ್ ಪ್ಲಾಸ್ಟಿಕ್. ಬಿಸಿಲು ತಡೆಯಲು ಕಂಪನಿಯಲ್ಲಿ ಹಚ್ಚಿದ ಪದರ ವರ್ಷಗಳ ಮೇಲೆ ಹಾಳಾಗಿ ಹೀಗಾಗುತ್ತದೆ. ಟೂತ್‌ಪೇಸ್ಟ್ ಹಚ್ಚಿ ಅನ್ನುವವರ ಮಾತು ಕೇಳಬೇಡಿ. ಎರಡು ವಾರ ಹೊಳೆಯುತ್ತೆ, ಮತ್ತೆ ಅದೇ.

ಸುತ್ತ ಪೇಂಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿ, 800 ನಂಬರ್ ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಾದಷ್ಟು ನುಣುಪು) ನೀರಲ್ಲಿ ನೆನೆಸಿ ಅಡ್ಡಡ್ಡ ಉಜ್ಜಿದೆ. ಮೊದಲು ಇಳಿಯುವ ನೀರು ತೆಳು ಹಳದಿ. ಅದು ಹಳೇ ಪದರ. ಉಜ್ಜುತ್ತಾ ಹೋದ ಹಾಗೆ ನೀರು ಬರೀ ಬೆಳ್ಳಗಾಗುತ್ತದೆ, ದೀಪ ಎಲ್ಲ ಕಡೆ ಒಂದೇ ಸಮ ಮಂಕಾಗುತ್ತದೆ. ಆಗ ಒಳ್ಳೆಯ ಪ್ಲಾಸ್ಟಿಕ್ ಬಂತು ಅಂತ ಅರ್ಥ. ನೋಡಿದವರಿಗೆ ದೀಪ ಕೆಡಿಸಿದ ಹಾಗೇ ಕಾಣುತ್ತದೆ. ಬಾಮೈದ ಬಂದವನು "ಏನ್ ಭಾವ, ಇದ್ದಿದ್ದೂ ಹೋಯ್ತಲ್ಲ" ಅಂದ. ಆಮೇಲೆ 1200, ಅಡ್ಡಡ್ಡ ಅಲ್ಲ, ಉದ್ದುದ್ದ. ಹಿಂದಿನ ಪೇಪರಿನ ಗೀರು ಹೋಯಿತೋ ಇಲ್ಲವೋ ತಿಳಿಯಲು ದಿಕ್ಕು ಬದಲಿಸಬೇಕು. ಆಮೇಲೆ 2000. ಪ್ರತಿ ಪೇಪರ್ ಆದ ಮೇಲೂ ತೊಳೆಯಬೇಕು. ದಪ್ಪ ಪೇಪರಿನ ಒಂದು ಮರಳಿನ ಕಾಳು ಉಳಿದರೂ ಹೊಸ ಗೀರು. ಕೊನೆಗೆ ರಬ್ಬಿಂಗ್ ಕಾಂಪೌಂಡ್. ಆಗ ಬಾಮೈದನ ಬಾಯಿ ಮುಚ್ಚಿತು.

ಇಲ್ಲಿಗೆ ನಿಲ್ಲಿಸಬಾರದು. ಬಿಸಿಲಿಗೆ ಈಗ ತಡೆಯೇ ಇಲ್ಲ. ಯುವಿ ತಡೆಯುವ ಕ್ಲಿಯರ್ ಕೋಟ್ ತೆಳ್ಳಗೆ ಎರಡು ಸಲ ಸ್ಪ್ರೇ ಮಾಡಿ, ಧೂಳು ಬೀಳದ ಕಡೆ ಒಣಗಿಸಿದೆ.

ಮುಖ ತಿಳಿಯಾದರೂ ಬೆಳಕು ಇನ್ನೂ ಸಪ್ಪೆ. ಮಲ್ಟಿಮೀಟರ್ ಹಿಡಿದೆ. ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.9 ವೋಲ್ಟ್. ಬಲ್ಬಿನ ಹೋಲ್ಡರಿನಲ್ಲಿ 12.5. ಹಳೇ ತಂತಿ, ಸ್ವಿಚ್ಚು, ಕಪ್ಪಾದ ಕನೆಕ್ಟರು, ಎಲ್ಲ ಸೇರಿ 10% ನುಂಗಿದ್ದವು. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ 10% ಕಮ್ಮಿಯಾದರೆ ಬೆಳಕು ಸುಮಾರು 30% ಕಮ್ಮಿಯಾಗುತ್ತದೆ. ಜನ ಇದನ್ನು ನೋಡದೆ 100 ವ್ಯಾಟ್ ಬಲ್ಬ್ ಹಾಕಿ ಹೋಲ್ಡರ್ ಸುಟ್ಟುಕೊಳ್ಳುತ್ತಾರೆ. ನಾನು ಕಂಪನಿಯ 60/55 ವ್ಯಾಟ್ ಬಲ್ಬನ್ನೇ ಇಟ್ಟು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಹಾಕಿದೆ. ಬ್ಯಾಟರಿಯಿಂದ ನೇರ ದಪ್ಪ ತಂತಿ, ಹಳೇ ಸ್ವಿಚ್ಚಿನ ತಂತಿಗೆ ಬರೀ ರಿಲೇ ಎಳೆಯುವ ಕೆಲಸ. ಈಗ ಹೋಲ್ಡರಿನಲ್ಲಿ 13.5.

ಹೊಸದಾಗಿ ಹಾಕಿದ ಫಾಗ್ ಲ್ಯಾಂಪಿಗೂ ಅದೇ ಕ್ರಮ. 55 ವ್ಯಾಟಿನ ಎರಡು ದೀಪ ಅಂದರೆ 110 ವ್ಯಾಟ್, 12 ವೋಲ್ಟಿಗೆ ಹತ್ತಿರ ಹತ್ತಿರ 9 ಆಂಪಿಯರ್. 15 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿದೆ. ಫ್ಯೂಸ್ ದೂರ ಇದ್ದರೆ ಅಲ್ಲಿಯ ತನಕದ ತಂತಿಗೆ ಕಾವಲೇ ಇರುವುದಿಲ್ಲ. ರಿಲೇಯ 30 ನಂಬರಿನ ಪಿನ್ನಿಗೆ ಬ್ಯಾಟರಿ, 87ಕ್ಕೆ ದೀಪ, 86ಕ್ಕೆ ಪಾರ್ಕಿಂಗ್ ಲೈಟಿನಿಂದ ಸ್ವಿಚ್ ಮೂಲಕ, 85 ಅರ್ತ್. ಪಾರ್ಕಿಂಗ್ ಲೈಟಿನಿಂದ ತಗೊಂಡರೆ ಕಾರು ನಿಲ್ಲಿಸಿ ದೀಪ ಆರಿಸಿದಾಗ ಇದೂ ಆರುತ್ತದೆ, ಮರೆತು ಬ್ಯಾಟರಿ ಖಾಲಿಯಾಗುವ ಭಯವಿಲ್ಲ. ಅರ್ತ್ ಬೋಲ್ಟಿನ ಜಾಗದಲ್ಲಿ ಪೇಂಟ್ ಕೆರೆದು ಬಿಗಿದೆ. ಇಂಜಿನ್ ಕಡೆಯಿಂದ ಒಳಗೆ ತಂತಿ ತರುವ ತೂತಿಗೆ ರಬ್ಬರ್ ಬುಷ್ ಕಡ್ಡಾಯ, ಇಲ್ಲಾಂದ್ರೆ ತಗಡಿನ ಅಂಚು ತಂತಿಯ ಸಿಪ್ಪೆ ಸುಲಿಯುತ್ತದೆ.

ಹಳದಿ ಬೆಳಕು ಮಂಜನ್ನು ಸೀಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡದು, ಅದಕ್ಕೆ ಹಳದಿ ಬಿಳಿ ಎಲ್ಲ ಒಂದೇ. ಹಳದಿ ಕಣ್ಣಿಗೆ ಹಿತ, ಅದಕ್ಕೇ ನಾನೂ ಹಳದಿ ಹಾಕಿದೆ. ಆದರೆ ಕೆಲಸ ಮಾಡುವುದು ದೀಪ ಕೂತಿರುವ ಎತ್ತರ. ಬಂಪರಿನಲ್ಲಿ ಕೆಳಗೆ ಕೂತು, ಅಗಲವಾಗಿ, ನೆಲಕ್ಕೆ ಬೆಳಕು ಬಿಟ್ಟರೆ ರಸ್ತೆಯಂಚಿನ ಬಿಳಿ ಗೆರೆ ಕಾಣುತ್ತದೆ. ಮಂಜಿನಲ್ಲಿ ಬ್ರೈಟ್ ಹಾಕಿದರೆ ಬೆಳಕೆಲ್ಲ ವಾಪಸ್ ಕಣ್ಣಿಗೇ ಬರುತ್ತದೆ, ಎದುರು ಬಿಳಿ ಗೋಡೆ. ಮಾಮೂಲಿ ಹೆಡ್‌ಲೈಟ್ ಡಬ್ಬಿಗೆ ಎಲ್‌ಇಡಿ ತುರುಕುವವರ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಬೆಳಕು ಎಲ್ಲೆಲ್ಲೋ ಚೆದುರಿ ಎದುರಿನವನ ಕಣ್ಣು ಕುರುಡು, ತಮಗೂ ಉಪಯೋಗವಿಲ್ಲ.

ದೀಪದ ಕೋನವನ್ನು ಸಂಜೆ ಶಾಲೆಯ ಗೋಡೆಗೆ ಹೊಂದಿಸಿದೆ. ಗೋಡೆಯಿಂದ ಏಳೂವರೆ ಮೀಟರ್ ದೂರ, ಡ್ರೈವರ್ ಸೀಟಿನಲ್ಲಿ ಬಾಮೈದ. ದೀಪದ ನಡುಮಟ್ಟಕ್ಕಿಂತ ಡಿಮ್ ಬೆಳಕಿನ ಮೇಲಂಚು 7.5 ಸೆಂಟಿಮೀಟರ್ ಕೆಳಗಿರಬೇಕು. ಹಿಂದೆ ಮೂಟೆ ಹೇರಿದಾಗ ಮೂತಿ ಮೇಲಕ್ಕೇಳುತ್ತದೆ, ಹಾಗಾಗಿ ಮೂಟೆ ಇಟ್ಟೇ ನೋಡಿದೆ.

ಹಿಂದಿನ ದೀಪಗಳ ಸಾಕೆಟ್ಟಿನ ಹಸಿರು ಕಿಲುಬು ಕೆರೆದು, ಡಿಕ್ಕಿ ಬಾಗಿಲಿಗೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿದೆ. ಇನ್ನೊಂದು ಮಾತು. ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸಬೇಡಿ. ನೀವು ನಿಂತಿದ್ದೀರೋ, ತಿರುಗುತ್ತೀರೋ ಹಿಂದಿನವನಿಗೆ ತಿಳಿಯುವುದಿಲ್ಲ.

ಬ್ರೇಕ್, ಬ್ಯಾಟರಿ, ಉಳಿದದ್ದು

ದಿಂಬಂನಿಂದ ಬಣ್ಣಾರಿಗೆ 27 ಹೇರ್‌ಪಿನ್ ತಿರುವು. ಇಳಿಯುವಾಗ ಸೆಕೆಂಡ್ ಗೇರಿನಲ್ಲೇ ಇಳಿಯಬೇಕು. ಆದರೂ ಬ್ರೇಕ್ ಆಯಿಲ್ ಬದಲಿಸಿದೆ. ಅದು ಗಾಳಿಯಿಂದ ತೇವ ಎಳೆದುಕೊಳ್ಳುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕುದಿಯಲು ಕಮ್ಮಿ ಅಂದರೂ 205 ಡಿಗ್ರಿ ಬೇಕು, ತೇವ ಸೇರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಕಾರಪಳ್ಳಂ ಚೆಕ್‌ಪೋಸ್ಟ್ ಹತ್ತಿರ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳು ಮಂಜಿನಲ್ಲಿ ಮಂಜಿನ ಬಣ್ಣವೇ. ಅಲ್ಲಿ ಬ್ರೇಕ್ ಮೊದಲ ಒತ್ತಿಗೇ ಹಿಡಿಯಬೇಕು.

ಬ್ಯಾಟರಿ ಕೆಡುವುದು ಬೇಸಿಗೆಯ ಬಿಸಿಗೆ, ಕೈಕೊಡುವುದು ಚಳಿಗೆ. ರಾತ್ರಿ ಬಿಟ್ಟು ಬೆಳಗ್ಗೆ ನೋಡಿದಾಗ 12.6 ವೋಲ್ಟ್ ಇದ್ದರೆ ಫುಲ್, 12.2 ಅಂದರೆ ಅರ್ಧ. ನನ್ನದು 12.5. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು, ಇಳಿಯಲಿಲ್ಲ. ಟರ್ಮಿನಲ್ಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಹಾಕಿದ ಬಿಸಿನೀರು ಹುಯ್ದು ತೊಳೆದು, ವ್ಯಾಸಲೀನ್ ಸವರಿದೆ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಹೊರಗಿನ ಬಿಸಿ 5-6 ಡಿಗ್ರಿ ಇಳಿದರೆ ಟೈರಿನ ಗಾಳಿ ಸುಮಾರು ಒಂದು ಪಿಎಸ್‌ಐ ಇಳಿಯುತ್ತದೆ. ಬೆಳಗ್ಗೆ ಓಡಿಸುವ ಮೊದಲು ನೋಡಿ ತುಂಬಿಸಿದೆ. ಟೈರಿನ ಬಟನ್ (ಗಾಡಿಗಳ ಆಳ) ಸವೆದು 1.6 ಮಿಲಿಮೀಟರಿಗೆ ಬಂದರೆ ಕಾನೂನಿನ ಪ್ರಕಾರ ಟೈರ್ ಮುಗಿದಂತೆ. ನನ್ನವು ಇನ್ನೂ ಒಂದು ಸೀಸನ್ ಬರುತ್ತವೆ. ಇಂಜಿನ್ ಆಯಿಲ್ ಮ್ಯಾನುಯಲ್ಲಿನಲ್ಲಿದ್ದದ್ದೇ ಹಾಕಿದೆ, ಅಷ್ಟೇ.

ಊಟಿಗೆ ಹೋದಾಗ ಮಾತ್ರ ಒಂದು ಎಚ್ಚರ. ತಲೈಕುಂದಾ ಕಡೆ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆ ಹುಲ್ಲು, ಕಾರಿನ ಗಾಜು ಎಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಬಿಸಿನೀರು ಹುಯ್ಯಬೇಡಿ, ಗಾಜು ಸೀಳುತ್ತದೆ. ಹಳೇ ಎಟಿಎಂ ಕಾರ್ಡಿನಲ್ಲಿ ಕೆರೆದರೆ ಬರುತ್ತದೆ. ವೈಪರನ್ನು ರಾತ್ರಿಯೇ ಎತ್ತಿ ನಿಲ್ಲಿಸಿ, ಇಲ್ಲಾಂದ್ರೆ ರಬ್ಬರ್ ಗಾಜಿಗೆ ಕಚ್ಚಿಕೊಂಡು ಹರಿಯುತ್ತದೆ.

ಉಳಿದದ್ದು ಹಿಂದಿನ ಗಾಜು. ಅಂಟಿಸುವ ಡಿಫಾಗರ್ ಪಟ್ಟಿ ಸಿಗುತ್ತದೆ, ಆದರೆ ಮೂಟೆ ತಾಗಿ ಕಿತ್ತುಬರುವುದು ಗ್ಯಾರಂಟಿ. ಸದ್ಯಕ್ಕೆ ಮೂಟೆಗಳನ್ನು ಸೀಟಿನ ಮಟ್ಟಕ್ಕಿಂತ ಮೇಲೆ ಹೇರುತ್ತಿಲ್ಲ, ಹಿಂದಿನ ಎರಡೂ ಕಿಟಕಿ ಒಂದು ಬೆರಳು ಇಳಿಸಿ ಓಡಿಸುತ್ತಿದ್ದೇನೆ. ಬಾಮೈದನ ಟಾಟಾ ಏಸ್‌ಗೂ ರಿಲೇ ಬೇಕಂತೆ. ಚಾಮರಾಜನಗರದಿಂದ ತಂತಿ ತರಬೇಕು.